ಟ್ರಂಕಿನೊಳಗಿನ ಚೆಂಡಿಯಾ

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಸೋಮಾರಿತನ ಒಂದು ಕಾರಣ, ಅದು ನಿಮಗೆಲ್ಲ ಗೊತ್ತಿರೋದೇ. ಇನ್ನೊಂದು ಕಾರಣ ಆಫೀಸು. ಮುಂದಿನ ತಿಂಗಳು ನನ್ನನ್ನು ನೆದರ್ಲೆಂಡ್ಸಿನ ಐಂಡ್‌ಹೋವನ್ ಅನ್ನೋ ಊರಿಗೆ ಕಳಿಸುತ್ತಿದ್ದಾರೆ. ಜೊತೆಗೆ ಒಂದು ಎಕ್ಸೆಲ್ ಶೀಟು ಬಂದಿದೆ. 'ಸ್ಥಳಾಂತರ' ಅಂತ ಅದರ ಹೆಸರು. ಒಟ್ಟು 31 ಸಾಲು. ಮುಗಿದದ್ದಕ್ಕೆ ಹಸಿರು, ಅರ್ಧ ಆದದ್ದಕ್ಕೆ ಹಳದಿ, ಮುಟ್ಟದೇ ಇದ್ದದ್ದಕ್ಕೆ ಕೆಂಪು. ವೀಸಾ, ವಿಮೆ, ಬ್ಯಾಂಕು, ಬಾಡಿಗೆ ಮನೆ, ಚಳಿಗಾಲದ ಕೋಟು ಎಲ್ಲ ಹಸಿರಾಗ್ತಾ ಬಂತು. ಏಳನೇ ಸಾಲು ಮಾತ್ರ ಬಹಳ ದಿನ ಕೆಂಪಾಗೇ ಇತ್ತು. ಜನನ ಪ್ರಮಾಣಪತ್ರ.

ಆ ದೇಶದಲ್ಲಿ ನಾಲ್ಕು ತಿಂಗಳಿಗಿಂತ ಹೆಚ್ಚು ಇರೋ ಹಾಗಿದ್ದರೆ ಹೋದ ಐದು ದಿನದೊಳಗೆ ನಗರಸಭೆಗೆ ಹೋಗಿ ಹೆಸರು ನೋಂದಾಯಿಸಬೇಕು. ಆಗ ಬಿಎಸ್ಎನ್ ಅಂತ ಒಂದು ನಂಬರು ಕೊಡ್ತಾರೆ. ಅದಿಲ್ಲದೆ ಸಂಬಳ, ವಿಮೆ ಯಾವುದೂ ಸರಿಯಾಗಿ ಸಾಗೋದಿಲ್ಲ. ನೋಂದಣಿಗೆ ನಾವು ಹುಟ್ಟಿದ ದಾಖಲೆ ಬೇಕು, ಅದಕ್ಕೆ ಅಪೊಸ್ಟಿಲ್ ಮುದ್ರೆ ಬೇಕು. ಭಾರತದಲ್ಲಿ ಅಪೊಸ್ಟಿಲ್ ಪದ್ಧತಿ ಬಂದಿದ್ದು 2005ರಲ್ಲಿ. ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ. ಹೊರಡೋ ಯೋಚನೆ ಇರೋ ಗೆಳೆಯರಿಗೆ ಒಂದು ಮಾತು: ವೀಸಾಕ್ಕಿಂತ ಮೊದಲು ಈ ಕೆಲಸ ಶುರು ಮಾಡಿ. ನಿಮ್ಮ ಹಳೇ ಪತ್ರ ಕೈಬರಹದ್ದಾಗಿದ್ದರೆ, ಅದರಲ್ಲಿ ನಿಮ್ಮ ಹೆಸರೇ ಇಲ್ಲದೆ ಬರೀ 'ಗಂಡು ಮಗು' ಅಂತ ಇದ್ದರೆ (ನನ್ನದು ಹಾಗೇ ಇತ್ತು!), ಹೆಸರು ಸೇರಿಸಿದ ಹೊಸ ಪ್ರತಿ ಮಾಡಿಸಿಕೊಳ್ಳಿ.

ಸರಿ, ಹಳೇ ಪತ್ರ ಹುಡುಕೋಕೆ ಊರಿಗೆ ಹೋದೆ.

ಊರು ಅಂದರೆ ಈಗ ನಮಗೆ ತೋಡೂರಿನ ಸೀಬರ್ಡ್ ಕಾಲೊನಿ. ನನ್ನ ಪತ್ರದಲ್ಲಿರೋ ಊರು ಚೆಂಡಿಯಾ. 1997ರ ಮಳೆಗಾಲದಲ್ಲಿ, ಕಾರವಾರದ ಆಸ್ಪತ್ರೆ ಮುಟ್ಟೋದಕ್ಕೆ ಆಗದೆ, ಹೆದ್ದಾರಿಯ ಪಡುವಣದಲ್ಲಿದ್ದ ನಮ್ಮ ಹಂಚಿನ ಮನೆಯಲ್ಲೇ ಹುಟ್ಟಿದವನು ನಾನು. ಆ ಮನೆ ಈಗ ಇಲ್ಲ. ಅದಿದ್ದ ಜಾಗ ಐಎನ್ಎಸ್ ಕದಂಬದ ಗೋಡೆಯ ಒಳಗಿದೆ. ಚೆಂಡಿಯಾ ಅಂತ ಊರು ಈಗಲೂ ಇದೆ ಮಾರಾಯ್ರೆ, ಮಳೆಗಾಲದಲ್ಲಿ ನಾಗರಮಡಿ ಜಲಪಾತ ನೋಡೋಕೆ ನೀವೆಲ್ಲ ಬರ್ತೀರಲ್ಲ, ಅದೇ. ಆದರೆ ನಮ್ಮ ಚೆಂಡಿಯಾ ಅದರ ಇನ್ನೊಂದು ಮಗ್ಗುಲು, ಸಮುದ್ರದ ಮಗ್ಗುಲು.

ಅಮ್ಮ ಅಟ್ಟದಿಂದ ಟ್ರಂಕು ಇಳಿಸಿದಳು. ಅಜ್ಜಿ ಪಕ್ಕದಲ್ಲೇ ಕೂತಳು. ನನ್ನ ಜನನ ಪತ್ರ ಸಿಕ್ಕಿದ್ದು ಬೇರೆ ಮೂರು ಕಾಗದಗಳ ನಡುವೆ, ಒಂದೇ ದಾರದಲ್ಲಿ ಕಟ್ಟಿ ಇಟ್ಟಿದ್ದರು. ಬೆಂಗಳೂರಿಗೆ ವಾಪಸ್ ಬರೋ ರಾತ್ರಿ ಬಸ್ಸಿನಲ್ಲಿ ಮೊಬೈಲಿನಲ್ಲಿ ತೆಗೆದುಕೊಂಡ ಅವುಗಳ ಫೋಟೋ ಮತ್ತೆ ಮತ್ತೆ ನೋಡಿದೆ. ಇಂಜಿನಿಯರಿಂಗಿನ ನಾಲ್ಕು ವರ್ಷದಲ್ಲಿ ಇಷ್ಟು ಗಮನ ಕೊಟ್ಟು ಏನನ್ನೂ ಓದಿದ ನೆನಪಿಲ್ಲ.

ಮೊದಲನೆಯದು ಭೂನ್ಯಾಯಮಂಡಳಿಯ ಆದೇಶ. ಅಜ್ಜ ಗೇಣಿದಾರ. ಬೆಳೆದದ್ದರಲ್ಲಿ ಒಡೆಯರಿಗೆ ಅಳೆದುಕೊಟ್ಟು ಉಳಿದದ್ದು ಉಂಡವನು. ನಮ್ಮ ಜಿಲ್ಲೆಯಲ್ಲಿ ಗೇಣಿದಾರರ ಹೋರಾಟ ಹಳೆಯದು. ನೀವು ಚುಟುಕಗಳ ಕವಿ ಅಂತ ಮಾತ್ರ ಓದಿರಬಹುದಾದ ದಿನಕರ ದೇಸಾಯಿಯವರು ರೈತರನ್ನು ಸಂಘಟಿಸಿದ್ದಕ್ಕೆ 1940ರಲ್ಲಿ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. ಕೊನೆಗೆ 1974ರ ಮಾರ್ಚ್ 1ರಂದು ಜಾರಿಗೆ ಬಂದ ತಿದ್ದುಪಡಿಯಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಉಳುವವನು ಫಾರಂ 7 ಕೊಟ್ಟು ಕೇಳಿದರೆ ಅವನ ಹೆಸರಿಗೆ ಆಗೋ ಹಾಗಾಯ್ತು. ಫಾರಂ 7 ಕೊಡಲು ಕೊನೇ ದಿನ 1979ರ ಜೂನ್ 30. ಆ ದಿನ ತಪ್ಪಿಸಿಕೊಂಡವರೂ ನಮ್ಮ ಕಡೆ ಇದ್ದರು. ಒಡೆಯರ ಮುಖ ನೋಡಿ ಸಂಕೋಚಪಟ್ಟು ಕೊಡದೇ ಇದ್ದವರೂ ಇದ್ದರಂತೆ. ಅಜ್ಜ ಕೊಟ್ಟ. 1981ರಲ್ಲಿ ಜಮೀನು ಅವನ ಹೆಸರಿಗೆ ಬಂತು. ಹೀಗೆ ಬಂದ ಜಮೀನನ್ನು 15 ವರ್ಷ ಮಾರೋ ಹಾಗಿಲ್ಲ ಅಂತ ಅದೇ ಕಾನೂನು ಹೇಳುತ್ತಿತ್ತು. ಅಜ್ಜನಿಗೆ ಮಾರೋ ಯೋಚನೆಯೇ ಇರಲಿಲ್ಲ ಬಿಡಿ.

ಐದೇ ವರ್ಷ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು.

ಕಾರವಾರವೇ ಯಾಕೆ ಅನ್ನೋದಕ್ಕೆ ನೌಕಾಪಡೆಯ ಕಡೆ ಉತ್ತರ ಇತ್ತು. ಮುಂಬಯಿ ಬಂದರಿನಲ್ಲಿ ಯುದ್ಧನೌಕೆ, ಸರಕಿನ ಹಡಗು, ಮೀನಿನ ದೋಣಿ ಎಲ್ಲ ಒಂದೇ ಕಡೆ ಕಿಕ್ಕಿರಿದಿದ್ದವು. ಪಾಕಿಸ್ತಾನಕ್ಕೂ ಹತ್ತಿರ. ಇಲ್ಲಿ ಆಳವಾದ ನೀರು, ಬೆನ್ನಿಗೆ ಸಹ್ಯಾದ್ರಿ, ಎದುರಿಗೆ ಅಂಜುದೀವ. ಅಡ್ಮಿರಲ್ ಡಾಸನ್ ಎಂಬತ್ತರ ದಶಕದ ಮೊದಲಲ್ಲಿ ಈ ಯೋಚನೆ ಮುಂದಿಟ್ಟವರು. ಅದಕ್ಕೂ ಮುಂಚೆ ಇಂಗ್ಲಿಷರಿಗೂ ಈ ಬಂದರಿನ ಮೇಲೆ ಕಣ್ಣಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಧಾರವಾಡ ಕಡೆಯ ಹತ್ತಿಯನ್ನು ಕಾರವಾರದಿಂದ ಸಾಗಿಸೋ ಆಸೆಯೂ ಇತ್ತು. ಒಳ್ಳೇ ಬಂದರು ಇದ್ದ ಊರಿಗೆ ಯಾವತ್ತಾದರೂ ಒಬ್ಬರು ಬಂದೇ ಬರುತ್ತಾರೆ.

ಯೋಜನೆಗೆ ಬೇಕಾಗಿದ್ದು 11 ಸಾವಿರ ಎಕರೆಗೂ ಹೆಚ್ಚು. ಬಿಣಗಾ, ಅರಗಾ, ಚೆಂಡಿಯಾದಿಂದ ಹಿಡಿದು ಹಾರವಾಡ, ಬೇಲೇಕೇರಿ ತನಕ ಕಾರವಾರ-ಅಂಕೋಲಾ ತಾಲೂಕುಗಳ ಕರಾವಳಿ. ಎದ್ದ ಕುಟುಂಬಗಳು 4 ಸಾವಿರಕ್ಕೂ ಹೆಚ್ಚು.

ದಾರದಲ್ಲಿದ್ದ ಎರಡನೇ ಕಾಗದ ಆಗ ಬಂದ ನೋಟೀಸು. 1894ರ ಭೂಸ್ವಾಧೀನ ಕಾಯ್ದೆ. ಬ್ರಿಟಿಷರು ಮಾಡಿದ ಈ ಕಾನೂನು 2013ರ ಕಡೆ ತನಕ ಬದುಕಿತ್ತು, 2014ರ ಜನವರಿ 1ರಿಂದ ಹೊಸದು ಬಂತು. ಹಳೇ ಕಾನೂನಿನ ನಡೆ ಹೀಗೆ: ಸೆಕ್ಷನ್ 4ರಲ್ಲಿ 'ಈ ಜಮೀನು ಬೇಕಾಗಬಹುದು' ಅಂತ ಅಧಿಸೂಚನೆ. 6ರಲ್ಲಿ 'ಬೇಕು' ಅಂತ ಘೋಷಣೆ. 9ರಲ್ಲಿ 'ನಿನ್ನ ಹಕ್ಕೇನು ಬಂದು ಹೇಳು' ಅಂತ ನೋಟೀಸು. 11ರಲ್ಲಿ ಪರಿಹಾರದ ಐತೀರ್ಪು. ಐತೀರ್ಪಿನ ದರ ಒಪ್ಪಿಗೆ ಇಲ್ಲದಿದ್ದರೆ ಸೆಕ್ಷನ್ 18ರಲ್ಲಿ ಕೋರ್ಟಿಗೆ ಕಳಿಸಿ ಅಂತ ಅರ್ಜಿ ಕೊಡಬಹುದು. ಅದಕ್ಕೂ ಒಂದು ಗಡುವಿತ್ತು. ಇನ್ನೊಂದು ಷರತ್ತು ಸೆಕ್ಷನ್ 31ರಲ್ಲಿದೆ. ದುಡ್ಡು ತಗೊಳ್ಳೋವಾಗ 'ತಕರಾರಿನೊಂದಿಗೆ' ಅಂತ ಬರೆಯದೇ ಸಹಿ ಹಾಕಿದರೆ ಆಮೇಲೆ 18ರ ಅರ್ಜಿ ಹಾಕೋ ಹಾಗಿಲ್ಲ.

ಒಂದೇ ಒಂದು ಶಬ್ದ. ಅಜ್ಜ ಅದನ್ನು ಬರೆಯಲಿಲ್ಲ. ಯಾರೂ ಅವನಿಗೆ ಮೋಸ ಮಾಡಲಿಲ್ಲ, ಬರೀಬೇಡ ಅಂತ ಯಾರೂ ಹೇಳಲಿಲ್ಲ. ಅವನಿಗೆ ಗೊತ್ತಿರಲಿಲ್ಲ, ಅಷ್ಟೇ. "ಸರ್ಕಾರ ದುಡ್ ಕೊಡೂವಾಗ ತಕರಾರು ಅಂತ ಬರೆದ್ರೆ ಸಿಟ್ಟು ಬರೂದಿಲ್ವಾ?" ಅಂದಿದ್ದನಂತೆ ಅಜ್ಜಿ ಹತ್ತಿರ.

ಕಾಗದದ ಮೇಲೆ ಜಮೀನು ಹೋಯ್ತು, ಜನ ಅಲ್ಲೇ ಉಳಿದರು. ಈ ಭಾಗ ಯಾವ ಪುಸ್ತಕದಲ್ಲೂ ಸರಿಯಾಗಿ ಸಿಗೋದಿಲ್ಲ, ಅಜ್ಜಿಯ ಬಾಯಲ್ಲೇ ಕೇಳಬೇಕು. 1991ರ ಆರ್ಥಿಕ ಬಿಕ್ಕಟ್ಟಿನಲ್ಲಿ ಸರ್ಕಾರದ ಹತ್ತಿರ ದುಡ್ಡಿಲ್ಲದೆ ಸೀಬರ್ಡ್ ಕುಂಟಿತು. ಅಡಿಗಲ್ಲು ಬಿದ್ದಲ್ಲೇ ಬಿದ್ದಿತ್ತು. ಹತ್ತು ವರ್ಷಕ್ಕೂ ಮೇಲೆ ನಮ್ಮವರು ತಮ್ಮದಲ್ಲದ ತಮ್ಮ ಮನೆಯಲ್ಲಿ ಬದುಕಿದರು. ಜಮೀನಿನ ಮೇಲೆ ಸಾಲ ಇಲ್ಲ. ಹೊಸ ತೆಂಗಿನ ಸಸಿ ಯಾರೂ ನೆಡಲಿಲ್ಲ, ಫಲ ಬರೋ ಹೊತ್ತಿಗೆ ಯಾರಿರ್ತಾರೆ? ಹಂಚು ಒಡೆದರೆ ಬದಲಿಸಲಿಲ್ಲ. "ಹೋಗೂದೇ ಹೌದಾದ್ಮೇಲೆ ಹಂಚಿಗೆ ದುಡ್ ಹಾಕೂದ್ಯಾಕೆ" ಅಂತ ಪ್ರತಿ ವರ್ಷ ಮಳೆಗೆ ಮುಂಚೆ ತೆಂಗಿನ ಗರಿ ತುರುಕಿದರಂತೆ. ಹಾಗೆ ಎಷ್ಟು ಮಳೆಗಾಲ ಅಂದೆ. ಅಜ್ಜಿ ಬೆರಳು ಮಡಚಿದಳು, ಒಂದು ಕೈ ಮುಗಿದು ಇನ್ನೊಂದು ಕೈಗೆ ಹೋಗಿ ನಡುವೆ ಬಿಟ್ಟಳು. ಅತ್ತೆಗೆ ಬಂದ ಒಂದು ಸಂಬಂಧ 'ಅವರ ಮನೆ ಎಲ್ಲಿ ಹೋಗ್ತದೋ ಏನೋ' ಅಂತ ತಪ್ಪಿಹೋಯ್ತು. ನಾನು ಹುಟ್ಟಿದ್ದು ಇಂಥ ಮನೆಯಲ್ಲಿ, ನಾನು ಹುಟ್ಟಿದ ರಾತ್ರಿ ಕೂಡ ಒಂದು ಮೂಲೆಯಲ್ಲಿ ಸೋರುತ್ತಿತ್ತಂತೆ.

ನನ್ನ ಎಕ್ಸೆಲ್ ಶೀಟಿನಲ್ಲಿ ಹೊರಡೋ ದಿನಾಂಕ ಮೊದಲನೇ ಸಾಲು. ಉಳಿದ 30 ಸಾಲುಗಳೂ ಅದರಿಂದ ಹಿಂದಕ್ಕೆ ಎಣಿಸಿದವು. ಅವರಿಗೆ ಆ ಮೊದಲನೇ ಸಾಲು ಇರಲಿಲ್ಲ.

ಬಂದಾಗ ಒಮ್ಮೆಲೇ ಬಂತು. ತೊಂಬತ್ತರ ದಶಕದ ಕೊನೆಗೆ ಕೆಲಸಕ್ಕೆ ಮತ್ತೆ ಜೀವ ಬಂದು, ತೋಡೂರು, ಮುದಗಾ, ಹಾರವಾಡ, ಚಿತ್ತಾಕುಲ ಅಂತ ಅಲ್ಲಲ್ಲಿ ಪುನರ್ವಸತಿ ಕಾಲೊನಿಗಳಾದವು. ನಮ್ಮ ಮನೆ ಎದ್ದಾಗ ನನಗೆ ಎರಡೂವರೆ ವರ್ಷ. ಏನೂ ನೆನಪಿಲ್ಲ. ಅಮ್ಮ ಹೇಳೋ ಪ್ರಕಾರ ಮೊದಲು ಇಳಿದದ್ದು ಹಂಚು, ಆಮೇಲೆ ರೀಪು, ಆಮೇಲೆ ಬಾಗಿಲು. ಚಿರೇಕಲ್ಲನ್ನು ಒಂದೊಂದಾಗಿ ಬಿಡಿಸಿದರು. ಹೊಸ ಮನೆಗೆ ಅವೇ ಕಲ್ಲು. ಅದಕ್ಕೇ ತೋಡೂರಿನ ನಮ್ಮ ಮನೆಯ ಗೋಡೆಯಲ್ಲಿ ಒಂದು ಕಲ್ಲಿನ ಮೇಲೆ ಅರ್ಧ ಕುಂಕುಮದ ಗುರುತಿದೆ, ಈಗ ಅದು ಹಿತ್ತಿಲ ಕಡೆ ಮುಖ ಮಾಡಿಕೊಂಡಿದೆ. ತುಳಸಿ ಕಟ್ಟೆಯಿಂದ ಮಣ್ಣು ಮಾತ್ರ ತಂದರು. ನಾಯಿ ಲಾರಿ ಹತ್ತಲಿಲ್ಲ. ಎರಡು ದಿನ ಬಿಟ್ಟು ತಾನೇ ನಡೆದು ಬಂತಂತೆ. ಆಮೇಲೆ ರೇಷನ್ ಕಾರ್ಡಿನ ವಿಳಾಸ, ಮತದಾರರ ಪಟ್ಟಿ, ಚಿಕ್ಕಪ್ಪನ ಮಕ್ಕಳ ಶಾಲೆಯ ಟಿಸಿ. ನನ್ನ ಶೀಟಿನ 12ರಿಂದ 18ನೇ ಸಾಲುಗಳು ಅಂತಿಟ್ಟುಕೊಳ್ಳಿ!

ಒಂದನ್ನು ಮಾತ್ರ ಯಾರೂ ಪಟ್ಟಿಗೆ ಸೇರಿಸೋ ಹಾಗಿರಲಿಲ್ಲ. ಕಾಯ್ದೆಯ ಲೆಕ್ಕದಲ್ಲಿ ಗುಂಟೆ ಇದೆ, ಮನೆ ಇದೆ, ತೆಂಗು ಮಾವು ಎಣಿಸಿ ಬೆಲೆ ಕಟ್ಟೋದಿದೆ. ಸಮುದ್ರಕ್ಕೆ ಸರ್ವೆ ನಂಬರು ಇಲ್ಲ. ಅಜ್ಜಿ ಸಂಜೆ ಹೊತ್ತು ಇಳಿತ ನೋಡಿ ಬುಟ್ಟಿ ಹಿಡಿದು ಬಳಚು ಆರಿಸೋಕೆ ಹೋಗುತ್ತಿದ್ದಳು. ಸಾರಿಗೆ ಬೇಕಾದಷ್ಟು ಸಿಗ್ತಿತ್ತು, ದುಡ್ಡು ಬೇಕಾಗಿರಲಿಲ್ಲ. ಹೊಸ ಮನೆಗೆ ಬಂದ ಮೊದಲ ವಾರ ಮೀನಿಗೆ ದುಡ್ಡು ಕೊಟ್ಟಾಗ ನಾಚಿಕೆಯಾಯ್ತು ಅಂದಳು. ಬಡತನದ ನಾಚಿಕೆಯಾ ಅಂತ ಕೇಳಿದೆ. "ಅಲ್ಲ, ನೆಂಟರ ಮನೆಯಲ್ಲಿ ಊಟಕ್ಕೆ ದುಡ್ ಕೊಟ್ಟ ಹಾಗೆ" ಅಂದಳು.

2005ರ ಮೇ 31ರಂದು ಆಗಿನ ರಕ್ಷಣಾ ಸಚಿವ ಪ್ರಣಬ್ ಮುಖರ್ಜಿ ನೌಕಾನೆಲೆಯನ್ನು ಉದ್ಘಾಟಿಸಿದರು. ಬನವಾಸಿಯ ಕದಂಬರ ಹೆಸರು ಇಟ್ಟರು. 2014ರ ಜನವರಿಯಲ್ಲಿ ವಿಕ್ರಮಾದಿತ್ಯ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ, ನಮಗೆಲ್ಲ ಹೆಮ್ಮೆಯೋ ಹೆಮ್ಮೆ. ಅದನ್ನು ಸುಳ್ಳು ಹೇಳೋದಿಲ್ಲ, ಈಗಲೂ ಇದೆ. ನೆಲೆ ಬೇಡ ಅಂತ ನಮ್ಮ ಮನೆಯಲ್ಲಿ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಈಗ ಮೂರನೇ ಕಾಗದ. ನಮ್ಮ ಕಡೆ 'ಇಪ್ಪತ್ತೆಂಟು ಎ' ಅಂದರೆ ಚಿಕ್ಕ ಮಕ್ಕಳಿಗೂ ಗೊತ್ತು. ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. 18ರಲ್ಲಿ ಕೋರ್ಟಿಗೆ ಹೋದವರಿಗೆ ಗುಂಟೆಗೆ ನೂರರ ಲೆಕ್ಕದಲ್ಲಿದ್ದ ದರ ಸಾವಿರಗಳ ಲೆಕ್ಕಕ್ಕೆ ಏರಿತು. ಪಕ್ಕದ ಗದ್ದೆಯವನಿಗೆ ಸಾವಿರ, ನಡುವಿನ ಬದು ದಾಟಿದರೆ ನೂರು. ಇಂಥ ಅನ್ಯಾಯ ಆಗಬಾರದು ಅಂತಲೇ 1984ರ ತಿದ್ದುಪಡಿಯಲ್ಲಿ 28ಎ ಅನ್ನೋ ಸೆಕ್ಷನ್ ಸೇರಿಸಿದ್ದರು. ಒಂದೇ ಅಧಿಸೂಚನೆಯಲ್ಲಿ ಜಮೀನು ಹೋದ ಒಬ್ಬನಿಗೆ ಕೋರ್ಟು ದರ ಹೆಚ್ಚಿಸಿದರೆ, ಕೋರ್ಟಿಗೆ ಹೋಗದೇ ಇದ್ದವನೂ 'ನನಗೂ ಅದೇ ದರ ಕೊಡಿ' ಅಂತ ಕೇಳಬಹುದು. ಆದರೆ ಕೋರ್ಟಿನ ತೀರ್ಪಾದ ಮೂರು ತಿಂಗಳೊಳಗೆ. ತೀರ್ಪಿನ ನಕಲು ಪಡೆಯಲು ಹಿಡಿದ ದಿನ ಮಾತ್ರ ಬಿಟ್ಟು. ಮೂರು ತಿಂಗಳನ್ನು ಮೊಟ್ಟಮೊದಲ ತೀರ್ಪಿನಿಂದಲೇ ಎಣಿಸಬೇಕೋ ಅನ್ನೋ ಗೊಂದಲವನ್ನು ಸುಪ್ರೀಂ ಕೋರ್ಟು 1995ರಲ್ಲಿ ಪರಿಹರಿಸಿತು: ಅರ್ಜಿದಾರ ಯಾವ ತೀರ್ಪನ್ನು ನೆಚ್ಚಿಕೊಂಡು ಬಂದಿದ್ದಾನೋ ಅದರಿಂದ ಎಣಿಸಿ.

ಯೋಚನೆ ಮಾಡಿ, ಪಕ್ಕದ ಮನೆಯವನ ಕೇಸು ಯಾವತ್ತು ತೀರ್ಮಾನ ಆಯ್ತು ಅನ್ನೋದನ್ನು ನೀವು ತಿಳಿದುಕೊಳ್ಳಬೇಕು. ಪಕ್ಕದ ಮನೆಯೇ ಈಗ ಪಕ್ಕದಲ್ಲಿಲ್ಲ. ನಾವು ತೋಡೂರಿನಲ್ಲಿ, ಅವರು ಚಿತ್ತಾಕುಲದಲ್ಲಿ, ಇನ್ನೊಬ್ಬರು ಹಾರವಾಡದಲ್ಲಿ. ಒಂದೂರು ಚದುರಿದರೆ ಏನಾಗುತ್ತದೆ ಅನ್ನೋದಕ್ಕೆ ಸಂಸ್ಕೃತಿ, ಪರಂಪರೆ ಅಂತ ದೊಡ್ಡ ಶಬ್ದ ಬೇಡ. ಸುದ್ದಿ ಮುಟ್ಟೋದು ತಡವಾಗುತ್ತದೆ, ಗಡುವು ಮುಗಿದಿರುತ್ತದೆ. ನಮ್ಮ ಮನೆಗೆ ಸುದ್ದಿ ಮುಟ್ಟಿಸಿದ್ದು ಮೀನು ಮಾರೋ ಹೆಂಗಸು. ಅವಳು ಮೂರು ಕಾಲೊನಿಗೂ ಹೋಗುತ್ತಿದ್ದಳು. ಅಪ್ಪ ಮರುದಿನವೇ ನಕಲಿಗೆ ಅರ್ಜಿ ಕೊಟ್ಟು, 28ಎ ಹಾಕಿದ. ಗಡುವಿಗೆ ಒಂಬತ್ತು ದಿನ ಇತ್ತು.

ಅದು ಇನ್ನೂ ಮುಗಿದಿಲ್ಲ. ಸ್ವಲ್ಪ ಬಂದಿದೆ, ಉಳಿದದ್ದರ ಲೆಕ್ಕ ನಡೀತಾ ಇದೆ. ಅಜ್ಜ ಹೋದ, ಅಪ್ಪ ಹೋದ, ಈಗ ವಾರಸುದಾರರ ಪಟ್ಟಿಯಲ್ಲಿ ಅಜ್ಜಿ, ಅಮ್ಮ, ಚಿಕ್ಕಪ್ಪ, ಅತ್ತೆಯ ಜೊತೆ ನನ್ನ ಹೆಸರೂ ಇದೆ. ಹಾಗಾಗಿ ಕಂಪನಿ ಕೊಟ್ಟ 31 ಸಾಲಿನ ಕೆಳಗೆ ನಾನೇ 32ನೆಯದೊಂದು ಸೇರಿಸಿದೆ: ಮುಖತ್ಯಾರ ಪತ್ರ. ಊರಲ್ಲಿ ಜಮೀನು, ಕೇಸು, ಪಾಲು ಏನಾದರೂ ಬಾಕಿ ಇದ್ದರೆ ಹೊರಡೋ ಮುಂಚೆ ಇದನ್ನು ಇಲ್ಲೇ ಮಾಡಿಸಿ. ಹೊರದೇಶದಲ್ಲಿ ಮಾಡಿಸಿದರೆ ಅಲ್ಲಿನ ಭಾರತೀಯ ದೂತಾವಾಸದ ಮುದ್ರೆ ಹಾಕಿಸಬೇಕು, ಅದು ಭಾರತಕ್ಕೆ ಬಂದು ಮುಟ್ಟಿದ ಮೇಲೆ ಮೂರು ತಿಂಗಳೊಳಗೆ ಇಲ್ಲಿನ ಛಾಪಾ ಶುಲ್ಕ ಕಟ್ಟಬೇಕು. ಮತ್ತೆ ಮೂರು ತಿಂಗಳು! ಮುಖತ್ಯಾರ ಪತ್ರದಲ್ಲಿ 'ಎಲ್ಲ ವ್ಯವಹಾರ' ಅಂತ ಬರೆಸದೇ ಯಾವ ಕೇಸು, ಯಾವ ಸರ್ವೆ ನಂಬರು ಅಂತ ಬಿಡಿಸಿ ಬರೆಸಿ.

ಚಿಕ್ಕಪ್ಪನ ಹೆಸರಿಗೆ ಮಾಡಿಸಿದೆ. ಸ್ಥಳಾಂತರದಲ್ಲಿ ನನಗಿಂತ ಅನುಭವಸ್ಥ ಅವನು. ಮೊದಲು ಬಂದ ಪರಿಹಾರದಲ್ಲಿ ತನ್ನ ಪಾಲನ್ನು ಒಬ್ಬ ಏಜೆಂಟನಿಗೆ ಕೊಟ್ಟು ಗಲ್ಫಿಗೆ ಹೋದವನು. ಅವನು ಹತ್ತನೇ ಕ್ಲಾಸು ಪಾಸಾಗಿರಲಿಲ್ಲ. 1983ರ ವಲಸೆ ಕಾಯ್ದೆ ಪ್ರಕಾರ ಅಂಥವರು ಕೆಲಸಕ್ಕಾಗಿ ಕೆಲವು ದೇಶಗಳಿಗೆ ಹೋಗಬೇಕಾದರೆ ಸರ್ಕಾರದ ವಲಸೆ ಅನುಮತಿ ಬೇಕು. ನನ್ನ ಡಿಗ್ರಿಯ ಕಾರಣದಿಂದ ನನಗೆ ಆ ಬಾಗಿಲೇ ಇಲ್ಲ. ಒಂದೇ ಮನೆ, ಒಂದೇ ಸಮುದ್ರ ದಾಟೋದು, ಅವನಿಗೊಂದು ಸಾಲು, ನನಗೊಂದು ಸಾಲು. ಅವನು ಹೋಗೋವಾಗ ಪಾಸ್‌ಪೋರ್ಟಿನ ನಕಲು ಅಜ್ಜಿಯ ಹತ್ತಿರ ಕೊಟ್ಟು ಹೋಗಿದ್ದನಂತೆ. ಅಲ್ಲಿ ಹೋದ ಕೂಡಲೇ ಮಾಲೀಕ ಮೂಲ ಪಾಸ್‌ಪೋರ್ಟು ಇಟ್ಟುಕೊಂಡಾಗ ಆ ನಕಲೇ ಕೆಲಸಕ್ಕೆ ಬಂತು. ನನಗೂ ಅವನ ಬುದ್ಧಿಮಾತು ಅದೇ: ಎಲ್ಲದರದ್ದೂ ಒಂದು ನಕಲು ಮನೆಯಲ್ಲಿ ಬಿಟ್ಟು ಹೋಗು, ಮೊಬೈಲಿನಲ್ಲಿ ಇದೆ ಅಂತ ಹೇಳಬೇಡ.

ಈಗ ಅಂಕೋಲಾದ ಅಲಗೇರಿ ಕಡೆ ವಿಮಾನ ನಿಲ್ದಾಣಕ್ಕೆ ಜಮೀನು ತಗೊಳ್ಳುವ ವಿಚಾರದಲ್ಲಿ ಅವನ ಹತ್ತಿರ ಕೇಳಿಕೊಂಡು ಬರೋರಿದ್ದಾರೆ. ಕಾನೂನು ಈಗ ಬೇರೆ, 2013ರದ್ದು. ಆದರೂ ಅವನು ಎಲ್ಲರಿಗೂ ಹೇಳೋ ಮೊದಲ ಮಾತು, ಸಹಿ ಹಾಕೋ ಮುಂಚೆ ಆ ಕಾಗದದ ಫೋಟೋ ತೆಗೆದು ನನಗೆ ಕಳಿಸು.

ಜನನ ಪತ್ರದ ಹೊಸ ಪ್ರತಿ ಬಂತು, ಅಪೊಸ್ಟಿಲ್ ಆಗಿ ಬಂತು, ಏಳನೇ ಸಾಲು ಹಸಿರಾಯ್ತು. ಜನ್ಮಸ್ಥಳ ಅನ್ನೋ ಕಡೆ ಚೆಂಡಿಯಾ ಅಂತಲೇ ಇದೆ. ಐಂಡ್‌ಹೋವನ್‌ನ ನಗರಸಭೆಯಲ್ಲಿ ಯಾರೋ ಅದನ್ನು ಅಕ್ಷರ ಅಕ್ಷರ ನೋಡಿ ಟೈಪು ಮಾಡ್ತಾರೆ. ಹಳೇ ಕೈಬರಹದ ಪ್ರತಿಯನ್ನು ಅದೇ ದಾರದಲ್ಲಿ ಕಟ್ಟಿ ಟ್ರಂಕಿಗೆ ಹಾಕಿದ್ದೇನೆ, ಮುಖತ್ಯಾರ ಪತ್ರದ ನಕಲಿನ ಜೊತೆ.

ಉಳಿದದ್ದು ಲಗೇಜು. ಯುರೋಪಿಗೆ ಹಾಲಿನ ಪದಾರ್ಥ, ಮಾಂಸ ಒಯ್ಯೋ ಹಾಗಿಲ್ಲ. ಹಾಗಾಗಿ ಗೆಳೆಯ ತಂದುಕೊಟ್ಟ ಧಾರವಾಡ ಪೇಡೆಯನ್ನು ನಾವೇ ತಿಂದು ಮುಗಿಸಿದೆವು. ಮೀನಿಗೆ ಮಾತ್ರ ಅಡ್ಡಿ ಇಲ್ಲ, ಒಬ್ಬರಿಗೆ 20 ಕಿಲೋ ತನಕ ಬಿಡ್ತಾರೆ. ಇದನ್ನು ಓದಿ ಹೇಳಿದಾಗ ಅಜ್ಜಿಗೆ ಆದ ಖುಷಿ ನೀವು ನೋಡಬೇಕಿತ್ತು. ನಿನ್ನೆ ಫೋನು ಮಾಡಿದಾಗ ಅಂಗಳದಲ್ಲಿ ಬಂಗಡೆ ಒಣಗಿಸೋಕೆ ಹಾಕಿದ್ದೇನೆ, ಕಾಗೆ ಕಾಯ್ತಾ ಕೂತಿದ್ದೇನೆ ಅಂದಳು :-)